ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಹಳೆಯ ಕಾರ್ಡ್ ಬಿಚ್ಚಿ ಹೊಸದನ್ನು ಕೂರಿಸಿದ್ದೀರಿ. ಸ್ಕ್ರೂ ಬಿಗಿ ಮಾಡಿ, ವೈರು ಸಿಕ್ಕಿಸಿ, ಬಟನ್ ಒತ್ತಿದ್ದೀರಿ. ಫ್ಯಾನುಗಳು ತಿರುಗುತ್ತವೆ. ಕ್ಯಾಬಿನೆಟ್ ಒಳಗಿನ ಬಣ್ಣದ ದೀಪಗಳೂ ಹೊತ್ತಿಕೊಳ್ಳುತ್ತವೆ. ಮಾನಿಟರ್ ಮಾತ್ರ ಕಪ್ಪಗೆ. ಒಂದು ಸಲ 'ನೋ ಸಿಗ್ನಲ್' ಎಂದು ತೋರಿಸಿ ಅದೂ ಮಲಗಿಬಿಡುತ್ತದೆ.

ಆಗ ಮೊದಲು ಬರುವ ಯೋಚನೆ: ಕಾರ್ಡ್ ಸತ್ತಿದೆ. ಎರಡನೆಯದು: ನಾನೇ ಏನೋ ಸುಟ್ಟುಬಿಟ್ಟೆ. ಎರಡೂ ಆಗಿರಬಹುದು, ಆದರೆ ಎರಡನ್ನೂ ಕೊನೆಗೆ ಇಟ್ಟುಕೊಳ್ಳಿ. ಅರ್ಧ ಕೂತ ಪ್ಲಗ್, ತಪ್ಪು ಜಾಗಕ್ಕೆ ಹಾಕಿದ ಮಾನಿಟರ್ ಕೇಬಲ್, ಹಳೆಯ ಬಯೋಸ್, ಇಂಥವೇ ಜಾಸ್ತಿ ಸಿಗುವ ಕಳ್ಳರು. ಹಿಡಿಯಬೇಕಾದರೆ ಮೊದಲು ಒಂದು ವಿಷಯ ಗೊತ್ತಾಗಬೇಕು: ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಂತಿದೆ?

## ಬಟನ್ ಒತ್ತಿದ ಮೇಲಿನ ಹಾಜರಿ

ಬಟನ್ ಒತ್ತಿದ ಕೂಡಲೇ ವಿಂಡೋಸ್ ಶುರುವಾಗುವುದಿಲ್ಲ. ಮೊದಲು ಏಳುವುದು ಎಸ್‌ಎಂಪಿಎಸ್. ಗೋಡೆಯಿಂದ ಬರುವ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಕೊಡುವ ಡಬ್ಬ ಅದು. ವೋಲ್ಟೇಜ್ ಸರಿಯಾಗಿ ನಿಂತಿತು ಎಂದು ಅದು ಮದರ್‌ಬೋರ್ಡ್‌ಗೆ ತಿಳಿಸಿದ ಮೇಲಷ್ಟೇ ಪ್ರೊಸೆಸರ್ ಕೆಲಸ ಶುರು ಮಾಡುತ್ತದೆ. ಪ್ರೊಸೆಸರ್ ಮೊದಲು ಓದುವುದು ಮದರ್‌ಬೋರ್ಡ್ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ಇರುವ ಪ್ರೋಗ್ರಾಮನ್ನು. ಅದೇ ಬಯೋಸ್. ಈಗಿನ ಬೋರ್ಡ್‌ಗಳಲ್ಲಿ ಇರುವುದು ಅದರ ಹೊಸ ರೂಪವಾದ ಯುಇಎಫ್‌ಐ. ಆದರೂ ಎಲ್ಲರ ಬಾಯಲ್ಲಿ ಬಯೋಸ್ ಎಂಬ ಹೆಸರೇ ಉಳಿದಿದೆ.

ಬಯೋಸ್‌ನ ಮೊದಲ ಕೆಲಸ ಮೇಷ್ಟ್ರು ಹಾಜರಿ ಕರೆದ ಹಾಗೆ. ಪ್ರೊಸೆಸರ್ ಇದೆಯಾ? ರ‍್ಯಾಮ್ ಇದೆಯಾ? ಗ್ರಾಫಿಕ್ಸ್ ಕಾರ್ಡ್? ಡಿಸ್ಕ್? ಈ ತಪಾಸಣೆಯನ್ನು 'ಪೋಸ್ಟ್' ಎನ್ನುತ್ತಾರೆ. ರ‍್ಯಾಮ್ ಉತ್ತರ ಕೊಡದಿದ್ದರೆ ಮುಂದಿನ ಹೆಸರನ್ನು ಕರೆಯುವುದೇ ಇಲ್ಲ. ಪೇಚಾಟ ಇರುವುದು ಇಲ್ಲೇ. ಗ್ರಾಫಿಕ್ಸ್ ಕಾರ್ಡ್ 'ಹಾಜರ್' ಎನ್ನುವ ತನಕ, ಏನು ತಪ್ಪಾಗಿದೆ ಎಂದು ನಿಮಗೆ ಹೇಳಲು ಬಯೋಸ್‌ಗೆ ಪರದೆಯೇ ಇರುವುದಿಲ್ಲ. ಹಾಗಾಗಿ ಒಳಗೆ ಯಾವ ತೊಂದರೆಯಾದರೂ ಹೊರಗೆ ಕಾಣುವುದು ಅದೇ ಕಪ್ಪು.

ಪರದೆ ಇಲ್ಲದಿದ್ದರೂ ಸುಳಿವು ಸಿಗುತ್ತದೆ. ಹಲವು ಬೋರ್ಡ್‌ಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನಾಲ್ಕು ದೀಪಗಳಿರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಅಚ್ಚಾಗಿರುತ್ತದೆ. ಹಾಜರಿ ಸಾಗಿದಂತೆ ಒಂದೊಂದಾಗಿ ಹೊತ್ತಿ ಆರುತ್ತವೆ. ಯಾವುದು ಆರದೆ ಉಳಿಯಿತೋ ಅಲ್ಲೇ ತಕರಾರು. ವಿಜಿಎ ಉಳಿದರೆ ಗ್ರಾಫಿಕ್ಸ್. ಡಿರ‍್ಯಾಮ್ ಉಳಿದರೆ ರ‍್ಯಾಮ್, ಅಂದರೆ ನೀವು ಕಾರ್ಡನ್ನು ಬೈಯುತ್ತಿರುವುದು ಸುಮ್ನೆ.

ದೀಪಗಳಿಲ್ಲದ ಬೋರ್ಡ್‌ಗೆ ಪುಟ್ಟ ಸ್ಪೀಕರ್ ಸಿಕ್ಕಿಸಿದ್ದರೆ ಅದು ಬೀಪ್ ಸದ್ದಿನಲ್ಲಿ ಹೇಳುತ್ತದೆ. ಎಷ್ಟು ಬೀಪ್‌ಗೆ ಏನರ್ಥ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಥರ. ಹಾಗಾಗಿ ನಿಮ್ಮ ಬೋರ್ಡ್‌ನ ಮ್ಯಾನುಯಲ್ ನೋಡಿಯೇ ಅರ್ಥ ಮಾಡಿಕೊಳ್ಳಿ. ಎರಡೂ ಇಲ್ಲವೇ? ಒಂದು ನಿಮಿಷ ಬಿಟ್ಟು ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಯಂತ್ರ ಎದ್ದು ಕೂತಿದೆ, ಚಿತ್ರ ಮಾತ್ರ ನಿಮ್ಮವರೆಗೆ ಬರುತ್ತಿಲ್ಲ.

ಸ್ವಲ್ಪ ತಾಳ್ಮೆಯೂ ಬೇಕು. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು ಬಯೋಸ್ ಬದಲಾದ ಮೇಲೆ ಮೊದಲ ಸಲ ಆನ್ ಆಗುವಾಗ ರ‍್ಯಾಮನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುವುದುಂಟು. ಮೂವತ್ತು ಸೆಕೆಂಡಿಗೆ ಗಾಬರಿಯಾಗಿ ಬಟನ್ ಅದುಮಿ ಹಿಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

## ಹೇಳಿಕೊಳ್ಳಲು ನಾಚಿಕೆಯಾಗುವ ತಪ್ಪು

ಒಂದು ಸಲ ನಾನು ಎರಡು ಗಂಟೆ ಒದ್ದಾಡಿದ್ದೇನೆ. ಕಾರ್ಡ್ ತೆಗೆದೆ, ಹಾಕಿದೆ, ರ‍್ಯಾಮ್ ಉಜ್ಜಿದೆ, ಬ್ಯಾಟರಿ ಬಿಚ್ಚಿದೆ. ಕೊನೆಗೆ ಬೆನ್ನು ನೋಯುತ್ತಿದೆ ಎಂದು ಕ್ಯಾಬಿನೆಟ್ ತಿರುಗಿಸಿ ಇಟ್ಟಾಗ ಕಂಡಿತು. ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನ ಎಚ್‌ಡಿಎಂಐ ಕಿಂಡಿಗೆ ಹಾಕಿದ್ದೆ. ಹೊಸ ಕಾರ್ಡ್ ಅದರ ಕೆಳಗೆ ಸುಮ್ಮನೆ ಕೂತಿತ್ತು.

ಈ ತಪ್ಪು ಯಾಕೆ ಇಷ್ಟು ಸುಲಭ ಎಂದರೆ, ಕಿಂಡಿಗಳು ನೋಡಲು ಒಂದೇ ಥರ. ಮೇಲ್ಗಡೆ, ಯುಎಸ್‌ಬಿ ಕಿಂಡಿಗಳ ಜೊತೆ ಇರುವುದು ಮದರ್‌ಬೋರ್ಡ್‌ನದು. ಅದರ ಕೆಳಗೆ, ಅಡ್ಡ ಪಟ್ಟಿಯಲ್ಲಿ ಸಾಲಾಗಿ ಇರುವುದು ಕಾರ್ಡ್‌ನದು. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇದ್ದರೂ, ಬೇರೆ ಕಾರ್ಡ್ ಕಂಡ ತಕ್ಷಣ ಎಷ್ಟೋ ಬೋರ್ಡ್‌ಗಳು ಆ ಮೇಲಿನ ಕಿಂಡಿಯನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ಇಂಟೆಲ್‌ನ ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್‌ಗಳಲ್ಲಿ ಒಳ ಗ್ರಾಫಿಕ್ಸ್ ಕೆಲಸ ಮಾಡುವುದೇ ಇಲ್ಲ. ಅಂಥಲ್ಲಿ ಆ ಕಿಂಡಿ ಬರೀ ಅಲಂಕಾರ.

ಅಲ್ಲೇ ಇರುವಾಗ ಮಾನಿಟರ್‌ನ ಬಟನ್ ಒತ್ತಿ ಇನ್‌ಪುಟ್ ಯಾವುದಿದೆ ಎಂದೂ ನೋಡಿ. ಮೊದಲು ಎಚ್‌ಡಿಎಂಐ ಇದ್ದು ಈಗ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ್ದರೆ, ಮಾನಿಟರ್ ಇನ್ನೂ ಹಳೆಯ ಬಾಗಿಲಲ್ಲೇ ಕಾಯುತ್ತಿರಬಹುದು. ಒಂದೇ ಮಾನಿಟರ್, ಒಂದೇ ಕೇಬಲ್ ಇಟ್ಟುಕೊಂಡು ಪರೀಕ್ಷಿಸಿ. ಬೇರೆ ಕಿಂಡಿಯಲ್ಲೂ ಹಾಕಿ ನೋಡಿ.

## ಕಾರ್ಡ್ ನಿಜವಾಗಿ ಕೂತಿದೆಯಾ?

ಮೊದಲು ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ವೈರು ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯ ಸ್ಟಾಟಿಕ್ ಕರೆಂಟ್ ಇಳಿಸಿಕೊಂಡು ಕೈ ಹಾಕಿ.

ಕಾರ್ಡ್ ಕೂರುವ ಉದ್ದನೆಯ ಸ್ಲಾಟ್‌ಗೆ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಎಂದು ಹೆಸರು. ಅದರ ಒಳ ತುದಿಯಲ್ಲಿ ಪ್ಲಾಸ್ಟಿಕ್ ಕೊಂಡಿ ಇರುತ್ತದೆ. ಕಾರ್ಡ್ ಪೂರ್ತಿ ಇಳಿದಾಗ ಅದು 'ಟಕ್' ಎನ್ನುತ್ತದೆ. ಆ ಸದ್ದು ಕೇಳಿಸದಿದ್ದರೆ ಕಾರ್ಡ್ ಕೂತಿಲ್ಲ ಎಂದೇ ತಿಳಿಯಿರಿ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಚಿನ್ನದ ಬಣ್ಣದ ಹಲ್ಲುಗಳು ಒಂದು ಕಡೆ ಗೆರೆಯಷ್ಟು ಕಾಣುತ್ತಿರುತ್ತವೆ. ಅಷ್ಟು ಸಾಕು, ಬಯೋಸ್‌ಗೆ ಕಾರ್ಡ್ ಕಾಣದಿರಲು.

ಈಗಿನ ದೊಡ್ಡ ಕಾರ್ಡ್‌ಗಳು ಒಂದು ಕಿಲೋ ದಾಟುವುದುಂಟು. ಹಿಂದಿನ ಲೋಹದ ಪಟ್ಟಿ ಕ್ಯಾಬಿನೆಟ್ ಅಂಚಿಗೆ ತಾಗಿದರೆ, ಸ್ಕ್ರೂ ಬಿಗಿ ಮಾಡುವಾಗ ಕಾರ್ಡ್‌ನ ಇನ್ನೊಂದು ತುದಿ ಮೆಲ್ಲಗೆ ಮೇಲೇಳುತ್ತದೆ. ಕೂರಿಸುವಾಗ ಸರಿ ಇದ್ದದ್ದು ಸ್ಕ್ರೂ ಹಾಕಿದ ಮೇಲೆ ತಪ್ಪುತ್ತದೆ. ಸ್ಕ್ರೂ ಹಾಕದೆ, ಕಾರ್ಡನ್ನು ಕೈಯಿಂದ ಆನಿಸಿ ಕೂರಿಸಿ, ಒಮ್ಮೆ ಆನ್ ಮಾಡಿ ನೋಡಿದರೆ ಇದು ಗೊತ್ತಾಗಿಬಿಡುತ್ತದೆ.

ಕಾರ್ಡ್ ಬದಲಿಸುವಾಗ ಕೈ ಎಲ್ಲೆಲ್ಲೋ ತಾಗಿರುತ್ತದೆ. ರ‍್ಯಾಮ್ ಪಟ್ಟಿಯ ತುದಿ ಸಡಿಲವಾಗಿರಬಹುದು. ಮದರ್‌ಬೋರ್ಡ್‌ಗೆ ಕರೆಂಟ್ ಕೊಡುವ 24 ಪಿನ್ ಪ್ಲಗ್ ಅಲುಗಾಡಿರಬಹುದು. ಪವರ್ ಬಟನ್‌ನಿಂದ ಬರುವ ಕೂದಲೆಳೆ ವೈರು ಕಳಚಿರಬಹುದು. ಬಟನ್ ಒತ್ತಿದರೆ ಏನೂ ಆಗುವುದೇ ಇಲ್ಲ, ಒಂದು ದೀಪವೂ ಇಲ್ಲ ಎಂದರೆ ಮೊದಲು ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಆಮೇಲೆ ಈ ಕೂದಲೆಳೆ ವೈರನ್ನು ನೋಡಿ.

## ಕರೆಂಟಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾರ್ಡ್ ಬದಲಿಸಿದಾಗ ನಿಜವಾಗಿ ಬದಲಾಗುವುದು ಕರೆಂಟಿನ ಹಸಿವು.

ಸ್ಲಾಟ್ ಒಂದರಿಂದಲೇ ಕಾರ್ಡ್‌ಗೆ ಸಿಗುವುದು ಗರಿಷ್ಠ 75 ವ್ಯಾಟ್. ಚಿಕ್ಕ ಕಾರ್ಡ್‌ಗಳಿಗೆ ಅಷ್ಟೇ ಸಾಕು, ಬೇರೆ ವೈರು ಬೇಡ. ದೊಡ್ಡವಕ್ಕೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬೇರೆ ಕೇಬಲ್ ಬೇಕು. 6 ಪಿನ್ ಪ್ಲಗ್‌ಗೆ 75 ವ್ಯಾಟ್, 8 ಪಿನ್ ಪ್ಲಗ್‌ಗೆ 150 ವ್ಯಾಟ್ ಎಂದು ಲೆಕ್ಕ. 320 ವ್ಯಾಟ್ ಎಳೆಯುವ ಕಾರ್ಡ್ ಇದೆ ಎನ್ನಿ. ಸ್ಲಾಟ್‌ನಿಂದ 75, ಎರಡು 8 ಪಿನ್‌ಗಳಿಂದ 300, ಒಟ್ಟು 375. ಸಾಕು. ಒಂದೇ 8 ಪಿನ್ ಸಿಕ್ಕಿಸಿ ಇನ್ನೊಂದನ್ನು ಖಾಲಿ ಬಿಟ್ಟರೆ? ಫ್ಯಾನ್ ತಿರುಗೀತು, ದೀಪ ಹತ್ತೀತು, ಚಿತ್ರ ಬರಲಿಕ್ಕಿಲ್ಲ. ಕಾರ್ಡ್ ಮೇಲೆ ಎಷ್ಟು ಕಿಂಡಿ ಇದೆಯೋ ಅಷ್ಟೂ ತುಂಬಬೇಕು.

ಇಲ್ಲೊಂದು ಹಳ್ಳ ಇದೆ. ಪ್ರೊಸೆಸರ್‌ಗೆ ಹೋಗುವ ಕೇಬಲ್‌ಗೂ 8 ಪಿನ್, ಗ್ರಾಫಿಕ್ಸ್ ಕಾರ್ಡ್‌ಗೂ 8 ಪಿನ್. ಆದರೆ ಒಳಗೆ 12 ವೋಲ್ಟ್ ಮತ್ತು ಗ್ರೌಂಡ್ ಜಾಗ ಅದಲು ಬದಲು. ತಪ್ಪು ಹಾಕಬಾರದೆಂದೇ ಪಿನ್‌ಗಳ ಆಕಾರ ಬೇರೆ ಮಾಡಿದ್ದಾರೆ. ಆದರೂ ಬಲ ಹಾಕಿ ತುರುಕುವವರು ಇರುತ್ತಾರೆ. ಗುರುತು ಸುಲಭ: ಪ್ರೊಸೆಸರ್ ಕೇಬಲ್ ಹೆಚ್ಚಾಗಿ 4 ಮತ್ತು 4 ಆಗಿ ಬಿಡಿಯಾಗುತ್ತದೆ, ಗ್ರಾಫಿಕ್ಸ್ ಕೇಬಲ್ 6 ಮತ್ತು 2 ಆಗಿ ಬಿಡಿಯಾಗುತ್ತದೆ. ಮೇಲೆ ಸಿಪಿಯು ಅಥವಾ ಪಿಸಿಐ-ಇ ಎಂದು ಅಚ್ಚೂ ಇರಬಹುದು. ಪ್ಲಗ್ ಜೋರು ಕೇಳುತ್ತಿದೆ ಎಂದರೆ ನಿಲ್ಲಿಸಿ, ಬೆಳಕಿನಲ್ಲಿ ನೋಡಿ.

ಇದಕ್ಕಿಂತ ಅಪಾಯದ್ದು ಇನ್ನೊಂದು. ಕೇಬಲ್‌ಗಳನ್ನು ಬಿಚ್ಚಬಹುದಾದ ಎಸ್‌ಎಂಪಿಎಸ್ ಇರುತ್ತವಲ್ಲ, ಮಾಡ್ಯುಲರ್ ಎನ್ನುತ್ತಾರೆ. ಅದರ ಕೇಬಲ್ ಕಡಿಮೆ ಬಿತ್ತು ಎಂದು ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಹಾಕಬೇಡಿ. ಕಾರ್ಡ್ ಕಡೆಯ ತುದಿ ಎಲ್ಲದರಲ್ಲೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಸಲೀಸಾಗಿ ಕೂರುತ್ತದೆ, ಆನ್ ಮಾಡಿದರೆ ಕಾರ್ಡ್ ಸುಟ್ಟುಹೋಗಬಹುದು.

ಹೊಸ ಕಾರ್ಡ್‌ಗಳಲ್ಲಿ 16 ಪಿನ್‌ನ ಚಿಕ್ಕ ಪ್ಲಗ್ ಬಂದಿದೆ. ಕರೆಂಟ್‌ಗೆ 12 ಪಿನ್, ಕಾರ್ಡ್ ಮತ್ತು ಎಸ್‌ಎಂಪಿಎಸ್ ನಡುವೆ ಸಂಜ್ಞೆಗೆ 4 ಸಣ್ಣ ಪಿನ್. ಅಷ್ಟು ಚಿಕ್ಕದರಲ್ಲಿ 600 ವ್ಯಾಟ್ ತನಕ ಹರಿಯಬಹುದು. 2022 ರಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡ್ ಬಂದಾಗ ಕೆಲವರ ಪ್ಲಗ್ ಕರಗಿತು. ಪ್ಲಗ್ ಪೂರ್ತಿ ಒಳಗೆ ಹೋಗದಿದ್ದದ್ದು ಕಾರಣ ಎಂದು ಎನ್‌ವಿಡಿಯಾ ಹೇಳಿತು. ಆಮೇಲೆ ಬಂದ ತಿದ್ದಿದ ರೂಪದಲ್ಲಿ ಆ ಸಂಜ್ಞೆಯ ಪಿನ್‌ಗಳನ್ನು ಗಿಡ್ಡ ಮಾಡಿದರು. ಪ್ಲಗ್ ಅರ್ಧ ಕೂತರೆ ಗಿಡ್ಡ ಪಿನ್ ತಾಗುವುದಿಲ್ಲ, ತಾಗದಿದ್ದರೆ ಕಾರ್ಡ್ ಕರೆಂಟ್ ಎಳೆಯುವುದಿಲ್ಲ. ಅಂದರೆ ನಿಮ್ಮ ಕಪ್ಪು ಪರದೆ ಕೆಲವು ಸಲ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಪ್ಲಗ್ ಮತ್ತು ಕಿಂಡಿಯ ನಡುವೆ ಸಂದಿ ಕಾಣಬಾರದು. ಕೇಬಲನ್ನು ಬುಡದಲ್ಲೇ ಮಡಚಬಾರದು, ಮೂರು ನಾಲ್ಕು ಸೆಂಟಿಮೀಟರ್ ನೇರ ಬಂದು ಆಮೇಲೆ ಬಾಗಲಿ.

ಇನ್ನು ಎಸ್‌ಎಂಪಿಎಸ್‌ನ ಒಟ್ಟು ಶಕ್ತಿ. 320 ವ್ಯಾಟ್‌ನ ಆರ್‌ಟಿಎಕ್ಸ್ 3080 ಕಾರ್ಡ್‌ಗೆ ಎನ್‌ವಿಡಿಯಾ ಹೇಳಿದ್ದು 750 ವ್ಯಾಟ್‌ನ ಎಸ್‌ಎಂಪಿಎಸ್. 450 ವ್ಯಾಟ್‌ನ ಆರ್‌ಟಿಎಕ್ಸ್ 4090ಗೆ 850. ಯಾಕಿಷ್ಟು ಜಾಸ್ತಿ? ಮೊದಲನೆಯದಾಗಿ ಪ್ರೊಸೆಸರ್, ಡಿಸ್ಕ್, ಫ್ಯಾನುಗಳೂ ಅದೇ ಡಬ್ಬದಿಂದ ಉಣ್ಣುತ್ತವೆ. ಎರಡನೆಯದಾಗಿ ಕಾರ್ಡ್‌ನ ಮೇಲೆ ಬರೆದ ವ್ಯಾಟ್ ಸರಾಸರಿ ಲೆಕ್ಕ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಅದು ಆ ಅಂಕಿಯನ್ನು ಸಾಕಷ್ಟು ಮೀರಿ ಎಳೆಯುತ್ತದೆ. ಮನೆಯಲ್ಲಿ ಪಂಪ್ ಆನ್ ಮಾಡಿದ ಕ್ಷಣ ದೀಪ ಮಿಣುಕುತ್ತದಲ್ಲ, ಹಾಗೆ. ಆ ಎಳೆತ ತಾಳದ ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಬಟನ್ ಒತ್ತಿದ ಕೂಡಲೇ ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಇದನ್ನೂ ಅನುಮಾನಿಸಿ, ಎಲ್ಲಾದರೂ ಶಾರ್ಟ್ ಆಗಿರುವುದನ್ನೂ ಅನುಮಾನಿಸಿ. ಆದರೆ ವಿಂಡೋಸ್ ಚೆನ್ನಾಗಿ ಬಂದು ಆಟ ಶುರು ಮಾಡಿದಾಗ ಆಫ್ ಆದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

## ಹಳೆಯ ಕಾರ್ಡ್ ಮತ್ತೆ ಹಾಕಿ ನೋಡಿ

ಇಲ್ಲಿಯವರೆಗೆ ಎಲ್ಲ ಸರಿಯಿದ್ದೂ ಚಿತ್ರ ಬರದಿದ್ದರೆ, ನಾನು ಮುಂದೆ ಮಾಡುವ ಕೆಲಸ ಇದು. ಹಳೆಯ ಕಾರ್ಡಲ್ಲೂ ಚಿತ್ರ ಬರಲಿಲ್ಲ ಎಂದರೆ ಹೊಸ ಕಾರ್ಡ್‌ದು ತಪ್ಪಿಲ್ಲ. ಬದಲಿಸುವಾಗ ಬೇರೇನೋ ಸಡಿಲವಾಗಿದೆ ಅಥವಾ ಕೆಟ್ಟಿದೆ. ರ‍್ಯಾಮ್ ಒಂದೇ ಪಟ್ಟಿ ಬಿಟ್ಟು ಉಳಿದವನ್ನು ತೆಗೆದು ಪ್ರಯತ್ನಿಸಿ. ಹಳೆಯದರಲ್ಲಿ ಬಂತು ಎಂದರೆ ಯಂತ್ರ ಗಟ್ಟಿಯಾಗಿದೆ, ಉಳಿದದ್ದು ಮೂರೇ: ಕರೆಂಟ್, ಬಯೋಸ್, ಹೊಸ ಕಾರ್ಡ್. ಹಳೆಯ ಕಾರ್ಡ್ ಇಲ್ಲದಿದ್ದರೆ, ಪ್ರೊಸೆಸರ್‌ನಲ್ಲಿ ಒಳ ಗ್ರಾಫಿಕ್ಸ್ ಇದ್ದರೆ, ಹೊಸ ಕಾರ್ಡ್ ತೆಗೆದು ಮಾನಿಟರನ್ನು ಮದರ್‌ಬೋರ್ಡ್‌ಗೆ ಹಾಕಿ. ಈಗ ಆ ಕಿಂಡಿಗೆ ಕೆಲಸ ಬಂತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಎಂದು ತಿಳಿಯುವುದಿಲ್ಲ, ಸರಿಹೋಗದಿದ್ದರೆ ಹೊಸ ತಪ್ಪು ಯಾವುದು ಎಂದೂ ತಿಳಿಯುವುದಿಲ್ಲ.

## ಬಯೋಸ್‌ಗೂ ಕಾರ್ಡ್‌ಗೂ ಮಾತು ಹೊಂದದಿದ್ದಾಗ

ಗ್ರಾಫಿಕ್ಸ್ ಕಾರ್ಡ್ ಒಳಗೂ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ವಿಂಡೋಸ್ ಬರುವ ಮೊದಲೇ ಪರದೆಗೆ ಚಿತ್ರ ಕಳಿಸುವುದು ಅದು. ಬಯೋಸ್ ಹಳೇ ಪದ್ಧತಿಯಲ್ಲಿ ಕೇಳಿ, ಕಾರ್ಡ್ ಹೊಸ ಪದ್ಧತಿ ಮಾತ್ರ ಬಲ್ಲದಾದರೆ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂರುತ್ತಾರೆ. ವಿಂಡೋಸ್ 8 ಬಂದ 2012 ರ ಸುಮಾರಿಗೆ ಯುಇಎಫ್‌ಐ ಸಾಮಾನ್ಯವಾಯಿತು. ಅದಕ್ಕೂ ಹಳೆಯ ಬೋರ್ಡ್‌ಗೆ ಈಗಿನ ಕಾರ್ಡ್ ಹಾಕಿದರೆ ಇಂಥ ತೊಂದರೆ ಸಹಜ. ಆಮೇಲಿನ ಬೋರ್ಡ್‌ಗಳಲ್ಲಿ ಹಳೇ ಪದ್ಧತಿಯನ್ನೂ ನಡೆಸಿಕೊಡುವ 'ಸಿಎಸ್‌ಎಂ' ಎಂಬ ಆಯ್ಕೆ ಇರುತ್ತದೆ. ಹೊಸ ಕಾರ್ಡ್‌ಗೆ ಅದನ್ನು ಆಫ್ ಮಾಡಬೇಕಾಗಬಹುದು. ತಿರುಗುಮುರುಗೂ ಆಗುತ್ತದೆ: ತೀರಾ ಹಳೆಯ ಕಾರ್ಡನ್ನು ಹೊಸ ಬೋರ್ಡ್‌ಗೆ ಹಾಕಿದರೆ ಸಿಎಸ್‌ಎಂ ಆನ್ ಇರಬೇಕು.

ಚಿತ್ರವೇ ಬರದಿದ್ದರೆ ಬಯೋಸ್ ಒಳಗೆ ಹೋಗುವುದು ಹೇಗೆ? ಅದಕ್ಕೇ ಹಳೆಯ ಕಾರ್ಡ್ ಅಥವಾ ಒಳ ಗ್ರಾಫಿಕ್ಸ್ ಬೇಕು. ಅದರಲ್ಲಿ ಒಳಹೋಗಿ, ಬೋರ್ಡ್ ಕಂಪನಿಯ ತಾಣದಿಂದ ಬಯೋಸ್ ಅಪ್‌ಡೇಟ್ ಹಾಕಿ, ಸೆಟ್ಟಿಂಗ್ ಬದಲಿಸಿ, ಆಮೇಲೆ ಹೊಸ ಕಾರ್ಡ್ ಕೂರಿಸಿ. ಕಾರ್ಡ್ ಒಳಗಿನ ಪ್ರೋಗ್ರಾಮಿನಲ್ಲೇ ತೊಂದರೆ ಇರುವುದೂ ಉಂಟು. ಡಿಸ್‌ಪ್ಲೇಪೋರ್ಟ್ 1.3 ಮತ್ತು 1.4 ಮಾನಿಟರ್‌ಗಳಲ್ಲಿ ವಿಂಡೋಸ್ ಬರುವ ತನಕ ಪರದೆ ಕಪ್ಪಾಗಿರುವ ಸಮಸ್ಯೆಗೆ ಎನ್‌ವಿಡಿಯಾ 2018 ರಲ್ಲಿ ಒಂದು ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿತ್ತು. ಅಂಥ ಅನುಮಾನ ಬಂದರೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡುವುದೇ ಸುಲಭದ ಪರೀಕ್ಷೆ.

ಕಾರ್ಡನ್ನು ನಿಲ್ಲಿಸಿ ತೋರಿಸಲು ರೈಸರ್ ಎಂಬ ಪಟ್ಟಿ ಕೇಬಲ್ ಬಳಸುವವರಿಗೆ ಒಂದು ಮಾತು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ತಲೆಮಾರುಗಳಿವೆ. ಕಾರ್ಡ್ 4ನೆಯದು, ಸ್ಲಾಟ್ 3ನೆಯದು ಎಂದರೆ ತಾವೇ ಹೊಂದಿಕೊಳ್ಳುತ್ತವೆ. ನಡುವೆ ಕೂತ ರೈಸರ್ ಬರೀ ತಂತಿ, ಅದರ ಮಾತನ್ನು ಯಾರೂ ಕೇಳುವುದಿಲ್ಲ. ಕಾರ್ಡ್ ಮತ್ತು ಬೋರ್ಡ್ 4ರ ವೇಗ ಒಪ್ಪಿಕೊಂಡು, ರೈಸರ್ 3ಕ್ಕೆ ಮಾತ್ರ ತಾಳುವಂಥದ್ದಾದರೆ ಚಿತ್ರ ಬರುವುದಿಲ್ಲ. ರೈಸರ್ ತೆಗೆದು ನೇರ ಹಾಕಿ, ಇಲ್ಲವೇ ಬಯೋಸ್‌ನಲ್ಲಿ ಸ್ಲಾಟ್ ವೇಗವನ್ನು 3ಕ್ಕೆ ಕಟ್ಟಿಹಾಕಿ.

ಯಾವುದೂ ಆಗದಿದ್ದರೆ ಬಯೋಸ್ ಸೆಟ್ಟಿಂಗ್ ಅಳಿಸುವುದು, ಅಂದರೆ 'ಸಿಮಾಸ್ ಕ್ಲಿಯರ್'. ಕರೆಂಟ್ ಕಿತ್ತು, ಸಿಆರ್2032 ಎಂಬ ದುಂಡನೆಯ 3 ವೋಲ್ಟ್ ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಆದರೆ ಇದನ್ನು ಮಾಡುವ ಮೊದಲು ನಿಮ್ಮ ಡಿಸ್ಕ್‌ಗೆ ಬಿಟ್‌ಲಾಕರ್, ಅಂದರೆ ವಿಂಡೋಸ್ ಹಾಕುವ ಬೀಗ, ಇದೆಯಾ ನೋಡಿಕೊಳ್ಳಿ. ಬಯೋಸ್ ಬದಲಾದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಎಲ್ಲ ಸೆಟ್ಟಿಂಗೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುವುದರಿಂದ ಡಿಸ್ಕ್‌ನ ಮೋಡ್, ಬೂಟ್ ಕ್ರಮ ಬದಲಾಗಿ, ಚಿತ್ರ ಬಂದರೂ ವಿಂಡೋಸ್ ಸಿಗದೇ ಹೋಗಬಹುದು. ಮೊದಲಿನ ಸೆಟ್ಟಿಂಗ್‌ಗಳ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದರೆ ಬದುಕಿದಿರಿ.

## ಲೋಗೋ ಬಂದು ಆಮೇಲೆ ಕಪ್ಪಾದರೆ

ಇದು ಬೇರೆಯೇ ಕಥೆ. ಹಾಜರಿ ಮುಗಿದಿದೆ, ಎಲ್ಲರೂ ಇದ್ದಾರೆ. ತಪ್ಪು ಹೆಚ್ಚಾಗಿ ಡ್ರೈವರ್‌ನದು. ಡ್ರೈವರ್ ಎಂದರೆ ಕಾರ್ಡ್ ಜೊತೆ ಹೇಗೆ ಕೆಲಸ ಮಾಡಬೇಕು ಎಂದು ವಿಂಡೋಸ್‌ಗೆ ಹೇಳಿಕೊಡುವ ತಂತ್ರಾಂಶ. ಎಎಂಡಿ ಕಾರ್ಡ್ ತೆಗೆದು ಎನ್‌ವಿಡಿಯಾ ಹಾಕಿದಾಗ, ಅಥವಾ ಅದರ ಉಲ್ಟಾ ಮಾಡಿದಾಗ, ಹಳೆಯ ಡ್ರೈವರ್ ಉಳಿದು ಕಾಟ ಕೊಡಬಹುದು. ವಿಂಡೋಸ್ ಶುರುವಾಗುವಾಗ ಎರಡು ಮೂರು ಸಲ ಸತತವಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಅದು ರಿಪೇರಿ ಪರದೆಗೆ ಬರುತ್ತದೆ. ಅಲ್ಲಿಂದ, ತೀರಾ ಅಗತ್ಯದ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಹಳೆಯ ಡ್ರೈವರ್ ತೆಗೆದುಹಾಕಿ. ಈ ಕೆಲಸಕ್ಕೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವನ್ನು ಬಹಳ ಜನ ಬಳಸುತ್ತಾರೆ. ಆಮೇಲೆ ಹೊಸ ಕಾರ್ಡ್‌ನ ಡ್ರೈವರ್ ಹಾಕಿ.

## ಕಾರ್ಡನ್ನೇ ಅನುಮಾನಿಸುವ ಹೊತ್ತು

ಹೊಸ ಕಾರ್ಡನ್ನು ಸಾಕಷ್ಟು ಶಕ್ತಿಯ ಎಸ್‌ಎಂಪಿಎಸ್ ಇರುವ ಬೇರೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲಿ ಓಡಿದರೆ ಕಾರ್ಡ್ ಸರಿಯಿದೆ, ನಿಮ್ಮ ಎಸ್‌ಎಂಪಿಎಸ್ ಅಥವಾ ಬಯೋಸ್ ಕಡೆ ಮತ್ತೆ ತಿರುಗಿ. ಅಲ್ಲೂ ಕಪ್ಪಾದರೆ ವಾಪಸ್ ಕಳಿಸುವ ಸಮಯ. ಕಾರ್ಡ್ ಬಿಚ್ಚಿ ಒಳಗೆ ನೋಡುವ ಆಸೆ ಬೇಡ, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಕೊಡುವುದಿಲ್ಲ ಎಂದು ಗಲಾಟೆ ಶುರುವಾಗಬಹುದು. ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು, ಬಂದ ಸ್ಟಾಟಿಕ್ ತಡೆಯುವ ಚೀಲದಲ್ಲೇ ಹಾಕಿ, ಜೊತೆಗೆ ಬಂದ ಅಡಾಪ್ಟರ್ ಕೇಬಲನ್ನೂ ಸೇರಿಸಿ ಕಳಿಸಿ. ಆ ಕೇಬಲ್ ನಿಮ್ಮ ಕ್ಯಾಬಿನೆಟ್ ಒಳಗೇ ನೇತಾಡುತ್ತಿರುತ್ತದೆ, ಮರೆತುಹೋಗುವುದು ಅದೇ.